ಬಿಲ್ಲಿಗೆ ನಂಬರ್ ಯಾಕೆ ಸ್ವಾಮಿ?

ಎಂ.ಜಿ. ರೋಡಿನ ಯಾವುದಾದರೂ ದೊಡ್ಡ ಬಟ್ಟೆ ಅಂಗಡಿಗೆ ಹೋಗಿ ಎರಡು ಬನಿಯನ್ ಕೊಳ್ಳಿ. ದುಡ್ಡು ಕೊಡಲು ಕೌಂಟರಿನ ಮುಂದೆ ನಿಂತ ಕೂಡಲೇ ಕಂಪ್ಯೂಟರ್ ಮುಂದಿನ ಹುಡುಗ ತಲೆ ಎತ್ತದೆ ಕೇಳುವ ಮೊದಲ ಪ್ರಶ್ನೆ: 'ಮೊಬೈಲ್ ನಂಬರ್ ಹೇಳಿ ಸಾರ್.' ನೀವು ಹೇಳುತ್ತೀರಿ. ಹಿಂದೆ ನಿಂತ ಏಳೆಂಟು ಜನ ಕೇಳಿಸಿಕೊಳ್ಳುತ್ತಾರೆ. 'ಹೆಸರು?' ಅನ್ನುತ್ತಾನೆ. ಅದನ್ನೂ ಹೇಳುತ್ತೀರಿ. ಬನಿಯನ್ನಿಗೂ ನಿಮ್ಮ ಹೆಸರಿಗೂ ಏನು ನೆಂಟಸ್ತಿಕೆ ಅಂತ ನೀವು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಇದು ನಮ್ಮ ತುಮಕೂರಿನ ಇವತ್ತಿನ ರಿವಾಜು. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಔಷಧಿ ಅಂಗಡಿ, ಕನ್ನಡಕದ ಅಂಗಡಿ, ಯಾರೂ ಬಿಡುತ್ತಿಲ್ಲ. ಇನ್ನು ಲಾಡ್ಜಿನವರು, ಫೈನಾನ್ಸಿನವರು, ಬಾಡಿಗೆ ಮನೆ ತೋರಿಸುವ ಬ್ರೋಕರುಗಳು, ಇವರಿಗೆಲ್ಲ ನಂಬರ್ ಸಾಲದು, ಆಧಾರ್ ಜೆರಾಕ್ಸೇ ಆಗಬೇಕು. ಕೊಡುವವರಿಗೆ ಬೇಸರವಿಲ್ಲ, ಇಸಿದುಕೊಳ್ಳುವವರಿಗೆ ಸಂಕೋಚವಿಲ್ಲ. ಆಮೇಲೆ ಒಂದು ದಿನ ಮೋಸದ ಫೋನ್ ಬಂದಾಗ 'ಅಲ್ರೀ, ಇವನಿಗೆ ನನ್ನ ಹೆಸರು ಹೇಗೆ ಗೊತ್ತಾಯ್ತು?' ಅಂತ ಬಾಯಿ ಬಾಯಿ ಬಿಡುತ್ತೇವೆ. ಹೇಗೆ ಗೊತ್ತಾಯ್ತು ಅಂದರೆ? ನಾವೇ ಹೇಳಿದ್ದು ಸ್ವಾಮಿ. ಹತ್ತು ಅಂಗಡಿಯಲ್ಲಿ, ಹತ್ತು ಜನ ಕೇಳುವ ಹಾಗೆ.

ಕಳ್ಳನಿಗೆ ಬೇಕಾದ್ದು ಒಂದೇ ನಿಜ

ಸೈಬರ್ ಕಳ್ಳ ಅಂದರೆ ಎಲ್ಲೋ ಕತ್ತಲೆ ಕೋಣೆಯಲ್ಲಿ ಕೂತು ಕಂಪ್ಯೂಟರಿನ ಬೀಗ ಒಡೆಯುವ ಮಹಾ ಬುದ್ಧಿವಂತ ಅಂತ ಸಿನಿಮಾದವರು ತೋರಿಸಿಬಿಟ್ಟಿದ್ದಾರೆ. ಅಂಥವರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ನಮ್ಮ ನಿಮ್ಮಂಥವರ ಖಾತೆ ಬೋಳಿಸುವವನಿಗೆ ಅಷ್ಟು ವಿದ್ಯೆ ಬೇಕಾಗಿಲ್ಲ. ಅವನಿಗೆ ಬೇಕಾದ್ದು ನಿಮ್ಮ ಬಗ್ಗೆ ಒಂದೇ ಒಂದು ನಿಜ.

'ನಿಮಗೆ ಲಾಟರಿ ಹೊಡೆದಿದೆ' ಅಂತ ಯಾವನೋ ಫೋನ್ ಮಾಡಿದರೆ ಈಗ ಹಳ್ಳಿಯ ಅಜ್ಜಿಯೂ ಬೈದು ಇಡುತ್ತಾಳೆ. ಆದರೆ 'ಹೋದ ವಾರ ನಮ್ಮ ಅಂಗಡಿಯಲ್ಲಿ ಫ್ರಿಜ್ ತಗೊಂಡ್ರಲ್ಲ ಮೇಡಂ, ಅದರ ವಾರಂಟಿ ಇನ್ನೂ ರಿಜಿಸ್ಟರ್ ಆಗಿಲ್ಲ' ಅಂದರೆ? ಫ್ರಿಜ್ ತಗೊಂಡದ್ದು ನಿಜ. ಅಂಗಡಿಯ ಹೆಸರು ನಿಜ. ನಿಮ್ಮ ಹೆಸರೂ ನಿಜ. ಮೂರು ನಿಜದ ಬೆನ್ನ ಹಿಂದೆ ಅಡಗಿಕೊಂಡು ನಾಲ್ಕನೆಯ ಸುಳ್ಳು ಮನೆಯೊಳಗೆ ಬರುತ್ತೆ. ಒಂದು ಲಿಂಕ್ ಬರುತ್ತೆ, ಒತ್ತುತ್ತೀರಿ. ಒಂದು ಓಟಿಪಿ ಬರುತ್ತೆ, ಹೇಳುತ್ತೀರಿ. ಮುಗಿಯಿತು ಕತೆ.

'ನಾನು ಬಡವ, ನನ್ನ ಹತ್ರ ಕದಿಯೋಕೆ ಏನಿದೆ?' ಅನ್ನುವವರೂ ನಮ್ಮಲ್ಲಿ ಬಹಳ ಮಂದಿ. ನಿಮ್ಮ ದುಡ್ಡು ಬೇಡದ ಕಳ್ಳನಿಗೆ ನಿಮ್ಮ ಹೆಸರು ಬೇಕು. ಸಿಮ್ ಮಾರುವ ಜಾಗದಲ್ಲಿ 'ಬೆರಳು ಸರಿಯಾಗಿ ಬೀಳಲಿಲ್ಲ, ಇನ್ನೊಂದ್ಸಲ ಇಡಿ ಅಜ್ಜಿ' ಅಂತ ಹೇಳಿ, ಅಜ್ಜಿಯ ಹೆಸರಲ್ಲಿ ಎರಡನೇ ಸಿಮ್ ತೆಗೆದು ಮೋಸಗಾರರಿಗೆ ಮಾರುವ ಕಸುಬು ಹೊಸದೇನಲ್ಲ. ಆ ಸಿಮ್ಮಿನಿಂದ ಯಾರನ್ನೋ ಮುಳುಗಿಸಿದರೆ ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ಅಜ್ಜಿಯ ಮನೆಯನ್ನೇ.

ಇದೆಲ್ಲ ಸಣ್ಣ ಪುಟ್ಟ ವ್ಯವಹಾರ ಅಂದುಕೊಂಡಿದ್ದರೆ ಕೇಂದ್ರ ಗೃಹ ಇಲಾಖೆ ಲೋಕಸಭೆಗೆ ಕೊಟ್ಟ ಲೆಕ್ಕ ನೋಡಿ. ಸೈಬರ್ ಮೋಸದಲ್ಲಿ ದೇಶದ ಜನ ಕಳಕೊಂಡದ್ದು 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು! ಯಾವ ದರೋಡೆಕೋರರ ಗ್ಯಾಂಗೂ ಇಂಥ ವ್ಯಾಪಾರ ಮಾಡಿರಲಿಕ್ಕಿಲ್ಲ.

ದೊಡ್ಡ ಮಡಕೆಯೂ ಸೋರುತ್ತೆ

'ನಮ್ಮ ಕಂಪ್ಯೂಟರಿನಲ್ಲಿ ಭದ್ರವಾಗಿರುತ್ತೆ ಸಾರ್, ನೀವೇನೂ ಯೋಚನೆ ಮಾಡಬೇಡಿ' ಅನ್ನುತ್ತಾರೆ ಅಂಗಡಿ ಮಾಲೀಕರು. ಅವರ ಒಳ್ಳೆಯ ಮನಸ್ಸಿನ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಕೋಟಿಗಟ್ಟಲೆ ಬಂಡವಾಳ ಹೂಡಿ, ಇಂಜಿನಿಯರುಗಳ ಪಡೆಯನ್ನೇ ಇಟ್ಟುಕೊಂಡವರ ಗತಿ ಏನಾಯಿತು ನೋಡೋಣ.

ಮನೆ ಬಾಗಿಲಿಗೆ ದಿನಸಿ ತರಕಾರಿ ತಂದುಕೊಡುವ ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿಯಿಂದ ಸುಮಾರು 2 ಕೋಟಿ ಗಿರಾಕಿಗಳ ವಿವರ ಸೋರಿ ಮಾರಾಟಕ್ಕೆ ಬಂದ ಸುದ್ದಿ 2020ರ ನವೆಂಬರಿನಲ್ಲಿ ಹೊರಬಿತ್ತು. 2021ರಲ್ಲಿ ಡೊಮಿನೋಸ್ ಪಿಜ್ಜಾದವರ 18 ಕೋಟಿ ಆರ್ಡರುಗಳ ವಿವರ ಬಯಲಿಗೆ ಬಿತ್ತು. ಯಾರು, ಯಾವ ವಿಳಾಸಕ್ಕೆ, ಯಾವ ನಂಬರಿನಿಂದ ತರಿಸಿಕೊಂಡರು ಅನ್ನುವುದೆಲ್ಲ ಅದರಲ್ಲಿತ್ತು. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಸರದಿ. 3 ಕೋಟಿಗೂ ಹೆಚ್ಚು ಜನರ ವಿವರ ತನ್ನ ಬಳಿ ಇದೆಯೆಂದು ಕದ್ದವನೇ ಟೆಲಿಗ್ರಾಂನಲ್ಲಿ ಡಂಗುರ ಹೊಡೆದ. ಯಾರಿಗೆ ಯಾವ ಕಾಯಿಲೆ ಎಂಬ ಕಾಗದಗಳೂ ಅದರಲ್ಲಿದ್ದವು.

ದಿಲ್ಲಿಯ ಏಮ್ಸ್ ಆಸ್ಪತ್ರೆ ಗೊತ್ತಲ್ಲ, ದೇಶದ ದೊಡ್ಡ ದೊಡ್ಡವರು ಹೋಗುವ ಆಸ್ಪತ್ರೆ. 2022ರ ನವೆಂಬರ್ 23ರಂದು ಅಲ್ಲಿನ ಕಂಪ್ಯೂಟರುಗಳಿಗೆ ಕಳ್ಳರು ಹೊಕ್ಕು ಕಡತಗಳನ್ನೆಲ್ಲ ತೆರೆಯಲಾಗದಂತೆ ಬೀಗ ಜಡಿದುಬಿಟ್ಟರು. ಸುಮಾರು ಎರಡು ವಾರ ಚೀಟಿ ಬರೆಯುವುದು, ರಿಪೋರ್ಟ್ ಕೊಡುವುದು ಎಲ್ಲ ಪೆನ್ನು ಪೇಪರಿನಲ್ಲೇ ನಡೆಯಿತು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಒಂದೇ ಒಂದು ಕಂಪನಿಗೆ ಇಂಥದೇ ಏಟು ಬಿತ್ತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕು ಸೇರಿ 300ರಷ್ಟು ಬ್ಯಾಂಕುಗಳ ಹಣ ಪಾವತಿ ನಿಂತುಹೋಯಿತು. ಆ ಬ್ಯಾಂಕುಗಳು ಮಾಡಿದ ತಪ್ಪೇನೂ ಇರಲಿಲ್ಲ. ತಮ್ಮ ಲೆಕ್ಕವನ್ನು ಇನ್ನೊಬ್ಬರ ಕಪಾಟಿನಲ್ಲಿ ಇಟ್ಟಿದ್ದರು, ಅಷ್ಟೇ.

ಇಂಥ ಆನೆಗಳೇ ಕೆಸರಿನಲ್ಲಿ ಹೂತಿರುವಾಗ, ನಮ್ಮ ಮಂಡಿಪೇಟೆಯ ಅಂಗಡಿ ಕಂಪ್ಯೂಟರಿನ ಪಾಡೇನು? ಪಾಸ್‌ವರ್ಡ್ '1234', ಅದನ್ನೂ ಮರೆಯಬಾರದೆಂದು ಚೀಟಿ ಬರೆದು ಪರದೆಗೇ ಅಂಟಿಸಿರುತ್ತಾರೆ. ಕೆಲಸ ಬಿಟ್ಟು ಹೋದ ಹುಡುಗನಿಗೂ ಗೊತ್ತು, ಟೀ ತರುವ ಹುಡುಗನಿಗೂ ಗೊತ್ತು. ಕಾಯಲಾಗದ ಸೊತ್ತನ್ನು ಮನೆಯಲ್ಲಿ ಯಾಕೆ ಇಟ್ಟುಕೊಳ್ಳಬೇಕು ಎಂಬುದು ನಮ್ಮ ಸರಳ ಪ್ರಶ್ನೆ.

ಜೆರಾಕ್ಸ್ ಅಂಗಡಿಯ ಗುಟ್ಟು

ಇನ್ನು ತಾಲ್ಲೂಕು ಕಛೇರಿ ಸುತ್ತಮುತ್ತಲ ಜೆರಾಕ್ಸ್ ಅಂಗಡಿಗಳಿಗೆ ಬನ್ನಿ. ಹಿಂದೆ ಕಾಗದ ತಂದು ನೆರಳಚ್ಚು ಮಾಡಿಸಿಕೊಂಡು ಹೋಗುತ್ತಿದ್ದೆವು. ಈಗ? 'ಈ ನಂಬರಿಗೆ ವಾಟ್ಸಾಪ್ ಮಾಡಿ ಸಾರ್, ಪ್ರಿಂಟ್ ತೆಗೀತೀನಿ.' ಆಧಾರ್ ಕಳಿಸುತ್ತೀರಿ, ಪಾನ್ ಕಾರ್ಡ್ ಕಳಿಸುತ್ತೀರಿ, ಪಾಸ್‌ಬುಕ್ಕಿನ ಮೊದಲ ಪುಟ ಕಳಿಸುತ್ತೀರಿ. ಐದು ರೂಪಾಯಿ ಕೊಟ್ಟು ಪ್ರಿಂಟ್ ತಗೊಂಡು ಬಸ್ಸು ಹತ್ತುತ್ತೀರಿ. ನಿಮ್ಮ ಕಾಗದ ಮಾತ್ರ ನಿಮ್ಮ ಜೊತೆ ಬಸ್ಸು ಹತ್ತುವುದಿಲ್ಲ. ಅದು ಅಂಗಡಿಯ ಫೋನಿನಲ್ಲಿ, ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಸಾವಿರಾರು ಜನರ ಕಾಗದದ ಜೊತೆ ಹಾಯಾಗಿ ಮಲಗಿರುತ್ತೆ. ಅಂಗಡಿಯವನು ಸಾಧುವೇ ಇರಬಹುದು. ಆದರೆ ಆ ಕಂಪ್ಯೂಟರ್ ರಿಪೇರಿಗೆ ಹೋದರೆ? ಹಳೇ ಫೋನನ್ನು ಮಾರಿದರೆ?

ಸರಿಯಾಗಿ ಬೀಳದ ಪ್ರತಿಗಳ ಕತೆ ಇನ್ನೊಂದು. ಅವು ಕಸದ ಬುಟ್ಟಿಗೆ, ಅಲ್ಲಿಂದ ರದ್ದಿಗೆ, ರದ್ದಿಯಿಂದ ಕಡಲೆಕಾಯಿ ಪೊಟ್ಟಣಕ್ಕೆ. ಹನ್ನೆರಡು ಅಂಕಿಯ ಜೊತೆಗೆ ಕಡಲೆಕಾಯಿ ಮೆಲ್ಲುವ ಭಾಗ್ಯ ಲೋಕದಲ್ಲಿ ಇನ್ಯಾವ ದೇಶದವರಿಗೆ ಇದೆಯೋ ಕಾಣೆ.

ನಂಬರ್ ಹೋದರೆ ಏನು ಮಹಾ ಅನ್ನುವವರಿಗೆ 2023ರ ಸಂಗತಿ ನೆನಪಿಸಬೇಕು. ಮಂಗಳೂರು, ಬೆಂಗಳೂರು ಕಡೆ ಆಸ್ತಿ ರಿಜಿಸ್ಟ್ರೇಷನ್ ಮಾಡಿಸಿಕೊಂಡಿದ್ದ ಹಲವರ ಖಾತೆಯಿಂದ ಹಣ ಹಾರಿಹೋಯಿತು. ಓಟಿಪಿ ಬರಲಿಲ್ಲ, ಫೋನೂ ಬರಲಿಲ್ಲ, ಅವರು ಯಾರಿಗೂ ಏನೂ ಹೇಳಿರಲೂ ಇಲ್ಲ. ನೋಂದಣಿ ಪತ್ರಗಳಲ್ಲಿದ್ದ ಆಧಾರ್ ನಂಬರನ್ನೂ ಬೆರಳಚ್ಚನ್ನೂ ಕದ್ದು, ನಕಲಿ ಹೆಬ್ಬೆಟ್ಟು ಮಾಡಿ, ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆಯಲ್ಲಿ ಒತ್ತಿ ದುಡ್ಡು ತೆಗೆದಿದ್ದರು. ಹಳ್ಳಿಯ ಮುದುಕರು ಬ್ಯಾಂಕಿಗೆ ಅಲೆಯದೆ ಊರಿನಲ್ಲೇ ಪೆನ್ಷನ್ ಪಡೆಯಲೆಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಅಲ್ಲಿ ಬೆರಳೇ ಸಹಿ. ಪಾಸ್‌ವರ್ಡ್ ಹೋದರೆ ಬೇರೆ ಇಟ್ಟುಕೊಳ್ಳಬಹುದು. ಬೆರಳು ಹೋದರೆ ಬೇರೆ ಬೆರಳು ಎಲ್ಲಿಂದ ತರೋಣ?

ಸರ್ಕಾರದವರ ತಮಾಷೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆಧಾರ್ ಪ್ರಾಧಿಕಾರದ ಬೆಂಗಳೂರು ಕಛೇರಿ 2022ರ ಮೇ 27ರಂದು ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಲಾಡ್ಜು, ಟಾಕೀಸುಗಳಂಥ ಖಾಸಗಿಯವರು ಅದನ್ನು ಇಸಿದುಕೊಳ್ಳುವಂತಿಲ್ಲ ಎಂದು ಅದರ ಸಾರಾಂಶ. ಸರಿಯಾದ ಮಾತು! ಎರಡೇ ದಿನ. 29ರಂದು ದಿಲ್ಲಿಯವರು ಅದನ್ನು ವಾಪಸ್ ತೆಗೆದುಕೊಂಡರು. ಜನ ತಪ್ಪು ತಿಳಿದುಕೊಳ್ಳಬಹುದಂತೆ, ಮಾಮೂಲಿ ಎಚ್ಚರಿಕೆ ಇದ್ದರೆ ಸಾಕಂತೆ. ಹೀಗೆ ನಿಜ ಹೇಳಿದ ಪ್ರಕಟಣೆಗೆ ಎರಡು ದಿನದ ಆಯುಸ್ಸು.

ಕಂಡಕ್ಟರನ್ನು ನೋಡಿ ಕಲಿಯಿರಿ

ಹಾಗಾದರೆ ಗುರುತು ಕೇಳುವುದೇ ಬೇಡವೇ? ಬೇಕು. ಹೇಗೆ ಕೇಳಬೇಕೆಂಬುದನ್ನು ನಮ್ಮ ಕೆಂಪು ಬಸ್ಸಿನ ಕಂಡಕ್ಟರ್ ದಿನವೂ ತೋರಿಸಿಕೊಡುತ್ತಿದ್ದಾನೆ. ಯಾರೂ ಗಮನಿಸಿಲ್ಲ, ಅಷ್ಟೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ಹೆಣ್ಣುಮಕ್ಕಳು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ. ನಿಂತುಕೊಳ್ಳಲೂ ಜಾಗವಿಲ್ಲದ ಬೆಂಗಳೂರು ಬಸ್ಸಿನಲ್ಲಿ ಕಂಡಕ್ಟರ್ ಕಾರ್ಡು ನೋಡುತ್ತಾನೆ, ಮುಖ ನೋಡುತ್ತಾನೆ, ಸೊನ್ನೆ ಟಿಕೆಟ್ ಹರಿದು ಕೊಟ್ಟು 'ಮುಂದೆ ನಡೀರಮ್ಮ' ಅನ್ನುತ್ತಾನೆ. ಕಾರ್ಡು ಅವರ ಕೈಯಲ್ಲೇ ಉಳಿಯುತ್ತೆ. ಅದರ ಜೆರಾಕ್ಸ್ ಕೇಳುವುದಿಲ್ಲ, ಫೋಟೋ ಹೊಡೆಯುವುದಿಲ್ಲ. ನೋಡುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. ಇಷ್ಟು ದೊಡ್ಡ ಯೋಜನೆಯೇ 'ನೋಡಿ ವಾಪಸ್' ಪದ್ಧತಿಯಲ್ಲಿ ನಡೆಯುತ್ತಿರುವಾಗ, ಒಂದು ಬಾಡಿಗೆ ಕೋಣೆ ಕೊಡುವುದಕ್ಕೆ, ಒಂದು ಪಾರ್ಸಲ್ ಬಿಡಿಸಿಕೊಳ್ಳುವುದಕ್ಕೆ ಜೆರಾಕ್ಸ್ ಕಟ್ಟಿನ ಅಗತ್ಯ ಏನಿದೆ?

ಕಾಯಿದೆ ಅನ್ನುವುದೂ ಒಂದಿದೆ

ಇಂಥ ಪ್ರಶ್ನೆಯನ್ನು ಮೊದಲು ಕೋರ್ಟಿಗೆ ಒಯ್ದವರಲ್ಲಿ ಒಬ್ಬರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ನೆಯ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕನ್ನು ನಾವು ಬನಿಯನ್ ಕೌಂಟರಿನಲ್ಲಿ ಬಿಟ್ಟು ಬರುತ್ತಿದ್ದೇವೆ.

ಅಂಗಡಿಯವರು ತಿಳಿಯಬೇಕಾದ್ದು ಇನ್ನೂ ಇದೆ. ಬಿಲ್ ಕೊಡುವುದಕ್ಕೆ ಗಿರಾಕಿಯ ಮೊಬೈಲ್ ನಂಬರನ್ನು ಒತ್ತಾಯಿಸಬೇಡಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಸ್ಥರ ಸಂಘಗಳಿಗೆ ತಿಳಿಸಿದೆ. 'ಜಿಎಸ್‌ಟಿಯವರು ಕೇಳ್ತಾರೆ ಸಾರ್' ಎಂಬ ಸಬೂಬೂ ನಿಲ್ಲುವುದಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಇರಬೇಕಾದ ವಿವರಗಳ ಪಟ್ಟಿಯಲ್ಲಿ ಗಿರಾಕಿಯ ಮೊಬೈಲ್ ನಂಬರ್ ಇಲ್ಲವೇ ಇಲ್ಲ. 'ನಂಬರ್ ಹಾಕದಿದ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ' ಅಂದರೆ, ಕಂಪ್ಯೂಟರ್ ಅಂಗಡಿಗಾಗಿ ಇದೆಯೋ ಅಂಗಡಿ ಕಂಪ್ಯೂಟರಿಗಾಗಿ ಇದೆಯೋ ಅಂತ ಆ ಸಾಫ್ಟ್‌ವೇರ್ ಮಾರಿದವನನ್ನೇ ಕೇಳಬೇಕು.

2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯೂ ಆಯಿತು. ಅದರ ನಿಯಮಗಳು ಪ್ರಕಟವಾಗಲು 2025ರ ನವೆಂಬರ್ ಬೇಕಾಯಿತು. ಎಲ್ಲರೂ ತಯಾರಾಗಲೆಂದು ಅದರಲ್ಲಿ ಮತ್ತೆ 18 ತಿಂಗಳ ಅವಕಾಶ ಬೇರೆ. ಇರಲಿ. ಕಾಯಿದೆಯ ತಿರುಳು ನಮ್ಮ ಗಿರವಿ ಅಂಗಡಿಯ ನ್ಯಾಯವೇ. ಒಡವೆ ನಿಮ್ಮ ಕಪಾಟಿನಲ್ಲಿ ಇದ್ದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಅದನ್ನು ನಿಮ್ಮ ಹೆಂಡತಿ ಮದುವೆಗೆ ಹಾಕಿಕೊಂಡು ಹೋಗುವ ಹಾಗಿಲ್ಲ, ಕಳ್ಳ ಒಯ್ದರೆ ನೀವೇ ಉತ್ತರ ಹೇಳಬೇಕು. ಹಾಗೆಯೇ ಯಾವ ಕೆಲಸಕ್ಕೆಂದು ವಿವರ ಕೇಳಿದಿರೋ ಆ ಕೆಲಸಕ್ಕೆ ಮಾತ್ರ ಬಳಸಬೇಕು, ಕೆಲಸ ಮುಗಿದರೆ ಅಳಿಸಬೇಕು, ಸೋರದ ಹಾಗೆ ಕಾಯಬೇಕು. ಸರಿಯಾಗಿ ಕಾಯದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಒಪ್ಪಿಗೆ ಕೇಳುವ ಕಾಗದವನ್ನು ಕನ್ನಡದಲ್ಲೇ ಕೊಡಿ ಅನ್ನುವ ಹಕ್ಕೂ ನಮಗೆ ಅದರಲ್ಲಿದೆ. ಒಂದು ಊನ ಮಾತ್ರ ಎದ್ದು ಕಾಣುತ್ತೆ. ದೇಶದ ಭದ್ರತೆ ಮುಂತಾದ ಕಾರಣ ಹೇಳಿ ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳನ್ನು ಕಾಯಿದೆಯಿಂದ ಹೊರಗಿಡಬಹುದು. ಊರಿಗೆಲ್ಲ ಬುದ್ಧಿ ಹೇಳುವ ಯಜಮಾನರು ತಮ್ಮ ಮನೆ ಬಾಗಿಲು ತೆರೆದೇ ಇಟ್ಟುಕೊಂಡ ಹಾಗಾಯಿತು.

ಅಂಗಡಿಯವರಿಗೂ ಏಟು ಬೀಳುತ್ತೆ

ಇಷ್ಟೆಲ್ಲ ಬರೆದದ್ದಕ್ಕೆ ವ್ಯಾಪಾರಸ್ಥರು ಮುನಿಸಿಕೊಳ್ಳಬಾರದು. ಅವರೂ ಇದೇ ಬಲೆಯ ಮೀನುಗಳೇ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೋದಲ್ಲಿ ಕಳ್ಳರು ರಾತ್ರೋರಾತ್ರಿ ಅಂಗಡಿಗಳ, ಪೆಟ್ರೋಲ್ ಬಂಕಿನ ಕ್ಯೂಆರ್ ಚೀಟಿಗಳ ಮೇಲೆ ತಮ್ಮ ಚೀಟಿ ಅಂಟಿಸಿ ಹೋದರು. ಬೆಳಗ್ಗೆ ವ್ಯಾಪಾರವೇನೋ ಆಯಿತು, ದುಡ್ಡು ಮಾತ್ರ ಕಳ್ಳರ ಖಾತೆಗೆ ಹೋಯಿತು. ಗಿರಾಕಿಯೊಬ್ಬ 'ನಿಮ್ಮ ಹೆಸರು ಬರ್ತಾ ಇಲ್ವಲ್ಲ' ಅಂತ ಕೇಳುವವರೆಗೂ ಇಂಥದು ಬೆಳಕಿಗೆ ಬರುವುದು ಕಷ್ಟ. ಆದ್ದರಿಂದ ಬಾಗಿಲು ತೆಗೆದ ಕೂಡಲೇ ಊದುಬತ್ತಿ ಹಚ್ಚುವ ಮೊದಲು ನಿಮ್ಮದೇ ಚೀಟಿಯನ್ನು ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿಕೊಳ್ಳಿ.

'ಮಿಲಿಟರಿಯಿಂದ ಮಾತಾಡ್ತಿದೀವಿ, ಐವತ್ತು ಕುರ್ಚಿ ಬೇಕು, ಅಡ್ವಾನ್ಸ್ ಕಳಿಸ್ತೀವಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಎಂಬ ಫೋನಿಗೆ ಬಿದ್ದ ವ್ಯಾಪಾರಸ್ಥರು ದೇಶದಲ್ಲಿ ಲೆಕ್ಕವಿಲ್ಲದಷ್ಟು. ಒಂದು ಮಾತು ಗೋಡೆಯ ಮೇಲೆ ಬರೆದಿಡಿ: ದುಡ್ಡು ಕೊಡುವಾಗ ಮಾತ್ರ ಪಿನ್, ತಗೊಳ್ಳುವಾಗ ಪಿನ್ ಬೇಡವೇ ಬೇಡ. ಮತ್ತೆ, ಗಿರಾಕಿ ತೋರಿಸುವ ಪರದೆಯ ಚಿತ್ರ ನಂಬಬೇಡಿ. ನಿಮ್ಮ ಫೋನಿಗೆ ಬಂದರೆ ಬಂತು, ಇಲ್ಲದಿದ್ದರೆ ಬಂದಿಲ್ಲ.

ಮಾಡಬೇಕಾದ್ದೇನು?

ಗಿರಾಕಿಗಳಿಗೆ ಮೊದಲು. ನಂಬರ್ ಕೇಳಿದರೆ ನಗುತ್ತಲೇ 'ಬಿಲ್ಲಿಗೆ ಬೇಡ ಬಿಡಪ್ಪ' ಅನ್ನಿ. ಉದ್ರಿ ಲೆಕ್ಕವಿದ್ದರೆ, ಸಾಮಾನು ಮನೆಗೆ ಬರಬೇಕಿದ್ದರೆ ಕೊಡಿ, ಅದಕ್ಕೆ ಅರ್ಥವಿದೆ. ಆಧಾರ್ ಕೊಡಲೇಬೇಕಾದ ಕಡೆ ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುವ 'ಮಾಸ್ಕ್ಡ್' ಆಧಾರ್ ಅನ್ನು ಪ್ರಾಧಿಕಾರವೇ ಕೊಡುತ್ತೆ, ಪುಕ್ಕಟೆ. ಅದನ್ನು ತೆಗೆದಿಟ್ಟುಕೊಳ್ಳಿ. ಜೆರಾಕ್ಸ್ ಕೊಟ್ಟರೆ ಅದರ ಮೇಲೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಅಡ್ಡಡ್ಡ ಬರೆಯಿರಿ. ಪ್ರಿಂಟ್ ತೆಗೆಸಿದರೆ ನಿಮ್ಮ ಎದುರಿಗೇ ಅಳಿಸಲು ಹೇಳಿ, ಹಾಳಾದ ಹಾಳೆ ನಿಮ್ಮ ಜೇಬಿಗೇ ಹಾಕಿಕೊಳ್ಳಿ. ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಸೌಕರ್ಯವೂ ಪ್ರಾಧಿಕಾರದ ಆಪಿನಲ್ಲಿದೆ. ರೇಷನ್ ತಗೊಳ್ಳುವ ದಿನ ಮಾತ್ರ ಬೀಗ ತೆಗೆಯಲು ಮರೆಯಬೇಡಿ, ಇಲ್ಲವಾದರೆ ಅಲ್ಲಿಯೂ ಬೆರಳು ನಡೆಯುವುದಿಲ್ಲ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅನ್ನುವುದನ್ನು ಸಂಚಾರ್ ಸಾಥಿಯಲ್ಲಿ ನೋಡಬಹುದು. ಮನೆಯ ಓದುಬರಹ ಬಲ್ಲ ಹುಡುಗರು ಒಂದು ಭಾನುವಾರ ಕೂತು ಅಪ್ಪ, ಅಮ್ಮ, ಅಜ್ಜಿ ಎಲ್ಲರದನ್ನೂ ನೋಡಿಕೊಟ್ಟರೆ ಪುಣ್ಯ ಬರುತ್ತೆ.

ದುಡ್ಡು ಹೋದರೆ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡು ಕೂರಬೇಡಿ. ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುವ ಮುನ್ನ ತಡೆದರೆ ಸಿಕ್ಕೀತು. 'ಮನೆಯವರನ್ನು ಕೇಳಿ ನಾಳೆ ನೋಡೋಣ' ಅಂದರೆ ದುಡ್ಡಿಗೆ ನಮಸ್ಕಾರ. ಜಿಲ್ಲೆಯಲ್ಲಿ ಸೈಬರ್ ಅಪರಾಧಕ್ಕೆಂದೇ ಸೆನ್ ಠಾಣೆ ಇದೆ, ದೂರು ಕೊಡಿ.

ಇನ್ನು ದೊಡ್ಡವರಿಗೆ. ನಗರದ ವ್ಯಾಪಾರಸ್ಥರ ಸಂಘದವರು ಮನಸ್ಸು ಮಾಡಿದರೆ ಒಂದು ವಾರದ ಕೆಲಸ ಇದು: ಪ್ರತಿ ಕೌಂಟರಿನಲ್ಲೂ 'ಬಿಲ್ಲಿಗೆ ಮೊಬೈಲ್ ನಂಬರ್ ಕಡ್ಡಾಯವಲ್ಲ' ಎಂದು ಕನ್ನಡದಲ್ಲಿ ಒಂದು ಬೋರ್ಡು. ಇದರಿಂದ ವ್ಯಾಪಾರ ಕಮ್ಮಿಯಾಗುವುದಿಲ್ಲ. ನಮ್ಮ ಅಪ್ಪಂದಿರು ನಲವತ್ತು ವರ್ಷ ಒಂದೇ ಅಂಗಡಿಗೆ ಹೋದದ್ದು ಅಂಗಡಿಯಿಂದ ಮೆಸೇಜು ಬಂತೆಂದಲ್ಲ, ತೂಕ ಸರಿಯಾಗಿತ್ತೆಂದು.

ಜಿಲ್ಲಾಡಳಿತಕ್ಕೂ ಪಾಲಿಕೆಗೂ ನಮ್ಮ ಕೇಳಿಕೆ ಮೂರೇ. ಒಂದು, ಯಾವ ಅರ್ಜಿಗೆ ಆಧಾರ್ ಜೆರಾಕ್ಸ್ ನಿಜಕ್ಕೂ ಬೇಕು, ಯಾವುದಕ್ಕೆ ನೋಡಿದರೆ ಸಾಕು ಎಂಬ ಪಟ್ಟಿಯನ್ನು ಪ್ರತಿ ಕಛೇರಿಯ ಬಾಗಿಲಲ್ಲಿ ತೂಗುಹಾಕಲಿ. ಎರಡು, ಕಛೇರಿಯ ಹಳೆಯ ಅರ್ಜಿಗಳನ್ನು ರದ್ದಿಗೆ ಹಾಕುವ ಮುನ್ನ ಚೂರು ಮಾಡಲಿ. ಮೂರು, ಜೆರಾಕ್ಸ್ ಹಾಗೂ ಸೈಬರ್ ಸೆಂಟರುಗಳು ದಿನದ ಕೊನೆಗೆ ಗಿರಾಕಿಗಳ ಕಾಗದ ಅಳಿಸಬೇಕೆಂದು ಒಂದು ಸೂಚನೆ ಹೊರಡಿಸಿ, ಸೆನ್ ಠಾಣೆಯವರು ತಿಂಗಳಿಗೊಮ್ಮೆ ಹೋಗಿ ನೋಡಲಿ. ಇದಕ್ಕೆ ಬಜೆಟ್ಟೂ ಬೇಡ, ಟೆಂಡರೂ ಬೇಡ. ಬಹುಶಃ ಅದಕ್ಕೇ ಇದುವರೆಗೂ ಯಾರೂ ಕೈಹಾಕಿಲ್ಲವೋ ಏನೋ! ಅಧಿಕಾರಿಗಳು ಇತ್ತ ಗಮನ ಹರಿಸುವರೇ?